ಹಳೆಯ 5.1 ಹೋಮ್ ಥಿಯೇಟರ್ ಚೆನ್ನಾಗಿಯೇ ಇದೆ. ತಲೆ ಮೇಲಿನಿಂದಲೂ ಸದ್ದು ಕೇಳಿಸುವ ಡಾಲ್ಬಿ ಅಟ್ಮಾಸ್‌ಗಾಗಿ ಎಲ್ಲವನ್ನೂ ಬದಲಾಯಿಸಬೇಕಾ?

ಬೇಕಾಗಿಲ್ಲ. ಸ್ಪೀಕರ್‌ಗಳನ್ನಂತೂ ಮುಟ್ಟಲೇಬೇಡಿ.

ನೀವು ಹೇಳಿದ್ದು ಇಷ್ಟು: ಎಚ್‌ಡಿಎಂಐ ಇರುವ 2011ರ ರಿಸೀವರ್, ಐದು ಒಳ್ಳೆಯ ಸ್ಪೀಕರ್, ಆಳದ ಸದ್ದಿಗೆ ಒಂದು ಸಬ್‌ವೂಫರ್. 5.1 ಅಂದರೆ ಇದೇ. ಹೊಸ 4ಕೆ ಟಿವಿ ಬಂದ ಮೇಲೆ ಅದರ ಸದ್ದನ್ನು ರಿಸೀವರ್‌ಗೆ ತರಲು ಆಪ್ಟಿಕಲ್ ಕೇಬಲ್ ಹಾಕಿದ್ದೀರಿ. ಟಿವಿ ಮೇಲೆ ಅಟ್ಮಾಸ್ ಅಂತ ಕಾಣುತ್ತದೆ, ರಿಸೀವರ್ ಮೇಲೆ ಬರೀ ಡಾಲ್ಬಿ ಡಿಜಿಟಲ್. ಎಲ್ಲ ಹೊಸದು ತಂದರೂ ನಾಳೆ ಇನ್ನೊಂದು ಫಾರ್ಮ್ಯಾಟ್ ಬಂದರೆ ಏನು ಗತಿ ಅನ್ನುವುದು ನಿಮ್ಮ ಚಿಂತೆ.

ಸ್ಪೀಕರ್‌ಗೆ ಫಾರ್ಮ್ಯಾಟ್ ಗೊತ್ತೇ ಇಲ್ಲ. ಅದಕ್ಕೆ ತಂತಿಯಲ್ಲಿ ಬರುವುದು ಬರೀ ವಿದ್ಯುತ್ತಿನ ಏರಿಳಿತ. ಕೋಡ್ ಬಿಡಿಸಿ, ಯಾವ ಸದ್ದು ಯಾವ ಮೂಲೆಗೆ ಅಂತ ಹಂಚುವುದೆಲ್ಲ ರಿಸೀವರ್ ಕೆಲಸ. ಫಾರ್ಮ್ಯಾಟ್ ಬದಲಾದಾಗ ಹಳತಾಗುವುದು ಆ ಪೆಟ್ಟಿಗೆ ಮಾತ್ರ. ನನ್ನ ಮುಂಭಾಗದ ಜೋಡಿ ಡಿವಿಡಿ ಕಾಲದ್ದು, ಇವತ್ತಿಗೂ ಅದೇ ಇದೆ. ಕೋನ್ ಸುತ್ತಲಿನ ಫೋಮ್ ಅಂಚು ಪುಡಿಯಾಗದಿದ್ದರೆ ಸ್ಪೀಕರ್ ದಶಕಗಟ್ಟಲೆ ಬಾಳುತ್ತದೆ.

ಫಾರ್ಮ್ಯಾಟ್ ಮಾಡುವವರೂ ಹಳೆ ರಿಸೀವರ್‌ಗಳನ್ನು ಕೈಬಿಟ್ಟಿಲ್ಲ. 2014ರಲ್ಲಿ ಮನೆಗಳಿಗೆ ಬಂದ ಅಟ್ಮಾಸ್, ಬ್ಲೂ-ರೇ ಡಿಸ್ಕ್‌ನಲ್ಲಿ ಸಾಮಾನ್ಯವಾಗಿ ಸದ್ದಿನಲ್ಲಿ ಏನೂ ಕಳೆದುಕೊಳ್ಳದ ಡಾಲ್ಬಿ ಟ್ರೂಎಚ್‌ಡಿ ಒಳಗೆ ಕೂತಿರುತ್ತದೆ. ಸ್ಟ್ರೀಮಿಂಗ್‌ನಲ್ಲಿ ಹೆಚ್ಚು ಒತ್ತಿ ಚಿಕ್ಕದಾಗಿಸಿದ ಡಾಲ್ಬಿ ಡಿಜಿಟಲ್ ಪ್ಲಸ್ ಒಳಗೆ. ಅಟ್ಮಾಸ್ ಅರ್ಥವಾಗದ ರಿಸೀವರ್ ಆ ಹೆಚ್ಚಿನ ಭಾಗ ಬಿಟ್ಟು ಉಳಿದ 5.1 ಅಥವಾ 7.1 ಅನ್ನು ನುಡಿಸುತ್ತದೆ. ಮರುವರ್ಷ ಬಂದ, ಅಟ್ಮಾಸ್‌ನ ಪ್ರತಿಸ್ಪರ್ಧಿ ಡಿಟಿಎಸ್ ಎಕ್ಸ್ ಕೂಡ ಹಾಗೇ, ಡಿಟಿಎಸ್-ಎಚ್‌ಡಿ ಮೇಲೆ ಕಟ್ಟಿದ್ದು. ಅಂದರೆ ನಿಮಗೆ ಸಿಗದೇ ಹೋಗುತ್ತಿರುವುದು ಮೇಲಿನಿಂದ ಬರುವ ಸದ್ದು ಮಾತ್ರ, ಸಿನಿಮಾ ಅಲ್ಲ.

ಈಗ ಕೇಬಲ್. ನಿಮ್ಮ ನಿಜವಾದ ತೊಂದರೆ ಇರುವುದು ಇಲ್ಲೇ. ಆಪ್ಟಿಕಲ್‌ನಲ್ಲಿ ಹೋಗುವುದು ಈಗಾಗಲೇ ಬಿಡಿಸಿದ ಸ್ಟೀರಿಯೋ ಸದ್ದು (ಪಿಸಿಎಂ), ಇಲ್ಲವೇ ಹಳೆ ಡಾಲ್ಬಿ ಡಿಜಿಟಲ್, ಡಿಟಿಎಸ್. ಟ್ರೂಎಚ್‌ಡಿ ಅದರಲ್ಲಿ ಹಿಡಿಸುವುದಿಲ್ಲ. ಬ್ಲೂ-ರೇಯಲ್ಲಿ ಅದು ಸೆಕೆಂಡಿಗೆ 18 ಮೆಗಾಬಿಟ್‌ವರೆಗೂ ಹೋಗಬಹುದು. ಡಿವಿಡಿಯ ಡಾಲ್ಬಿ ಡಿಜಿಟಲ್ 448 ಕಿಲೋಬಿಟ್ ದಾಟುತ್ತಿರಲಿಲ್ಲ, ಅಂತರ ನೋಡಿ! ಬ್ಲೂ-ರೇ ಪ್ಲೇಯರ್ ಇದ್ದರೆ ಅದನ್ನು ಟಿವಿಗೆ ಹಾಕದೆ ಎಚ್‌ಡಿಎಂಐನಲ್ಲಿ ನೇರ ರಿಸೀವರ್‌ಗೆ ಕೊಡಿ. ರಿಸೀವರ್‌ಗೆ ಟ್ರೂಎಚ್‌ಡಿ ಬಿಡಿಸಲು ಬರದಿದ್ದರೂ ಚಿಂತೆಯಿಲ್ಲ, ಪ್ಲೇಯರ್ ಸೆಟ್ಟಿಂಗ್‌ನಲ್ಲಿ ಬಿಟ್‌ಸ್ಟ್ರೀಮ್ (ಬಿಡಿಸದೆ ಹಾಗೇ ಕಳಿಸುವುದು) ಬದಲು ಪಿಸಿಎಂ ಆರಿಸಿದರೆ ಪ್ಲೇಯರೇ ಬಿಡಿಸಿ ಕಳಿಸುತ್ತದೆ. ನಿಮ್ಮ ರಿಸೀವರ್ ಕಾಲದ ಹೆಚ್ಚಿನವು 4ಕೆ ಚಿತ್ರವನ್ನು ಮುಂದೆ ಟಿವಿಗೆ ದಾಟಿಸುವುದಿಲ್ಲ. ಅದಕ್ಕೆ ಎರಡು ಎಚ್‌ಡಿಎಂಐ ಔಟ್ ಇರುವ ಪ್ಲೇಯರ್ ಸಿಗುತ್ತದೆ: ಒಂದು ಟಿವಿಗೆ, ಚಿತ್ರಕ್ಕೆ. ಇನ್ನೊಂದು ರಿಸೀವರ್‌ಗೆ, ಸದ್ದಿಗೆ. ಬರೀ ಸ್ಟ್ರೀಮಿಂಗ್ ನೋಡುವವರಾದರೆ ಟಿವಿಯ ಆರ್ಕ್ ಸಾಕೆಟ್, ಅಂದರೆ ಟಿವಿಯ ಸದ್ದನ್ನು ರಿಸೀವರ್‌ಗೆ ವಾಪಸ್ ಕಳಿಸುವ ಎಚ್‌ಡಿಎಂಐ ಸಾಕೆಟ್, ಸಾಕು. ಅದರ ಹೊಸ ರೂಪವಾದ ಇ-ಆರ್ಕ್ ಇಲ್ಲದೆ ಅಟ್ಮಾಸ್ ಬರುವುದೇ ಇಲ್ಲ ಅಂತ ಹಲವರು ಹೇಳುತ್ತಾರೆ, ಅದು ನಿಜವಲ್ಲ. ಸ್ಟ್ರೀಮಿಂಗ್ ಅಟ್ಮಾಸ್ ಹಳೆ ಆರ್ಕ್‌ನಲ್ಲೂ ಹೋಗುತ್ತದೆ, ಎರಡೂ ಕಡೆಯ ಸಾಧನ ಒಪ್ಪಬೇಕು ಅಷ್ಟೆ. ಇ-ಆರ್ಕ್ ನಿಜವಾಗಿ ಬೇಕಾಗುವುದು ಟ್ರೂಎಚ್‌ಡಿಯಂಥ ದೊಡ್ಡ ಸದ್ದನ್ನು ಟಿವಿ ಮೂಲಕ ತರುವಾಗ. ಕೆಲವು ಟಿವಿಗಳು ಡಿಟಿಎಸ್ ಅನ್ನು ಹೊರಗೆ ಬಿಡುವುದೇ ಇಲ್ಲ, ಅದನ್ನೂ ಒಮ್ಮೆ ನೋಡಿಕೊಳ್ಳಿ.

ಇಷ್ಟು ಮಾಡಿ ಕೆಲವು ವಾರ ಕೇಳಿ. ಆಮೇಲೂ ಮಳೆ, ಹೆಲಿಕಾಪ್ಟರ್ ತಲೆ ಮೇಲೆ ಬೇಕು ಅನಿಸಿದರೆ ರಿಸೀವರ್ ಬದಲಾಯಿಸಿ. 5.1.2 (ಕೊನೆಯ ಅಂಕಿ ಮೇಲಿನ ಸ್ಪೀಕರ್‌ಗಳದ್ದು) ಅಂದರೆ ಏಳು ಆಂಪ್ಲಿಫೈಯರ್ ಚಾನಲ್, 5.1.4 ಅಂದರೆ ಒಂಬತ್ತು. ಮೇಲೆ ಎರಡೇ ಇದ್ದರೆ ಸದ್ದು ಮುಂದಿನಿಂದ ಹಿಂದಕ್ಕೆ ಹಾಯ್ದು ಹೋದಂತೆ ಅಷ್ಟಾಗಿ ಅನಿಸುವುದಿಲ್ಲ, ನಾಲ್ಕಿದ್ದರೆ ಬೇರೆಯೇ ಮಜಾ. ಪ್ರೀ-ಔಟ್ ಇರುವ ರಿಸೀವರ್ ತೆಗೆದುಕೊಂಡರೆ ಹೊರಗಿನ ಆಂಪ್ಲಿಫೈಯರ್ ಸೇರಿಸಬಹುದು. ಆದರೆ ಏಳು ಚಾನಲ್‌ನದಕ್ಕೆ ಆಂಪ್ಲಿಫೈಯರ್ ಸೇರಿಸಿದ ಮಾತ್ರಕ್ಕೆ ಅದು ಒಂಬತ್ತಾಗುವುದಿಲ್ಲ, ಎಷ್ಟು ಚಾನಲ್ ಪ್ರೊಸೆಸ್ ಮಾಡುತ್ತದೆ ಅಂತ ನೋಡಿ. ಛಾವಣಿಗೆ ಸದ್ದು ಹೊಡೆದು ಕೆಳಗೆ ತರುವ ಸ್ಪೀಕರ್‌ಗಳಿವೆಯಲ್ಲ, ಅವು ಚಪ್ಪಟೆಯಾದ ಗಟ್ಟಿ ಛಾವಣಿ ಇದ್ದರೆ ಪರವಾಗಿಲ್ಲ. ಇಳಿಜಾರು ಛಾವಣಿಗೆ ಸುಮ್ನೆ ದುಡ್ಡು ದಂಡ. ಮೇಲೆ ತೂತು ಕೊರೆಯಲು ಮನೆಯವರು ಒಪ್ಪಿದರೆ ಛಾವಣಿಯಲ್ಲೇ ಕೂರಿಸುವುದು ನನ್ನ ಮಟ್ಟಿಗೆ ಒಳ್ಳೆಯದು.

ಇನ್ನೊಂದು ವಿಷಯ. 5.1 ಕಾಲದಲ್ಲಿ ಸರೌಂಡ್ ಸ್ಪೀಕರ್‌ಗಳನ್ನು ಗೋಡೆಯ ಮೇಲ್ಭಾಗಕ್ಕೆ ಏರಿಸಿಡುವ ರೂಢಿ ಇತ್ತು. ಅಟ್ಮಾಸ್‌ಗೆ ಅವನ್ನು ಸುಮಾರು ಕಿವಿಯ ಮಟ್ಟಕ್ಕೆ ಇಳಿಸಬೇಕು. ಇಲ್ಲದಿದ್ದರೆ ಮೇಲಿನದು ಯಾವುದು, ಪಕ್ಕದ್ದು ಯಾವುದು ಅಂತ ಕಿವಿಗೆ ಗೊತ್ತೇ ಆಗುವುದಿಲ್ಲ, ಅಲ್ವಾ?

ನಾಳೆಯ ಫಾರ್ಮ್ಯಾಟ್ ಬಗ್ಗೆ ಕೇಳಿದಿರಿ. ಅದೂ ಬಂದಾಯಿತು. 2025ರ ಜನವರಿಯಲ್ಲಿ ಗೂಗಲ್, ಸ್ಯಾಮ್‌ಸಂಗ್ ಸೇರಿ ಎಕ್ಲಿಪ್ಸಾ ಆಡಿಯೋ ಅಂತ ಪ್ರಕಟಿಸಿದವು. ಅದು ಹಬ್ಬುತ್ತದೋ ಇಲ್ಲವೋ ನೋಡೋಣ, ಅದಕ್ಕಾಗಿ ಕಾಯುತ್ತಾ ಕೂರಬೇಡಿ. ನೀವು ನಿಜವಾಗಿ ನೋಡುವ ಡಿಸ್ಕ್, ಆಪ್‌ಗಳಲ್ಲಿ ಯಾವುದು ಇದೆಯೋ ಅದಕ್ಕೆ ತಕ್ಕ ರಿಸೀವರ್ ತಗೊಳ್ಳಿ.

ನಿಮ್ಮ ರಿಸೀವರ್ ಮಾಡೆಲ್ ಯಾವುದು, ಛಾವಣಿ ಎಷ್ಟು ಎತ್ತರ ಅಂತ ತಿಳಿಸಿ. ಸ್ಪೀಕರ್ ಎಲ್ಲಿಡಬಹುದು ಅಂತ ಇನ್ನೂ ಬಿಡಿಸಿ ಹೇಳುತ್ತೇನೆ.