ಕೇಳ್ರಿ, ಹೇಳ್ತೀನಿ: ಚಾಕು ಮ್ಯಾಲೆ ಕಪ್ಪು ಡಿಸೈನ್ ತರಿಸೂದು

ಗೋಕಾಕದ ಓದುಗರೊಬ್ಬರು: ಅಣ್ಣಾರ, ನಮ್ಮೂರ ಕಂಬಾರರ ಕಡೆ ಹಳೀ ಲಾರಿ ಪಾಟಾ (ಸ್ಪ್ರಿಂಗ್ ಪಟ್ಟಿ) ಬಡಿಸಿ ಅಡಗಿಮನಿಗೊಂದು ಚಾಕು ಮಾಡಿಸೀನ್ರಿ. ಹರಿತ ಭಾರಿ ಐತಿ, ಆದ್ರ ನೋಡಾಕ ಬರೇ ಬೆಳ್ಳಗ. ಇನ್‌ಸ್ಟಾಗ್ರಾಮ್‌ನ್ಯಾಗ ಕೆಲವ್ರು ಚಾಕು ಮ್ಯಾಲೆ ಕಪ್ಪು, ಬೂದಿ, ನೀಲಿ ಬಣ್ಣದ ಡಿಸೈನ್ ತರಿಸಿರ್ತಾರ, ಪ್ಯಾಟಿನಾ ಅಂತಾರ. ಮನ್ಯಾಗ ಮಾಡಾಕ ಬರ್ತೈತೇನ್ರಿ? ಗೆಳೆಯ ಒಬ್ಬ ಗ್ಯಾಸ್ ಮ್ಯಾಲೆ ಕಾಸು, ನೀಲಿ ತಾನ ಬರ್ತೈತಿ ಅಂದಾನ.

ಮೊದ್ಲ ಆ ಗೆಳೆಯನ ಕೈಯಾಗಿಂದ ಚಾಕು ಕಸ್ಕೋರಿ. ಕಾಸಿದ್ರ ನೀಲಿ ಬರೂದು ಖರೇನ, ಉಕ್ಕು ಸುಮಾರು 220-230 ಡಿಗ್ರಿಗೆ ಹುಲ್ಲಿನ ಹಳದಿ ಆಗ್ತೈತಿ, 300ರ ಹತ್ರ ಹೋದ್ರ ನೀಲಿ, ಆದ್ರ ಅಷ್ಟೊತ್ತಿಗೆ ನಿಮ್ಮ ಕಂಬಾರರು ನೀರಾಗೋ ಎಣ್ಣ್ಯಾಗೋ ಅದ್ದಿ ಕೊಟ್ಟ ಗಡಸುತನ ಒಂದಿಷ್ಟು ಇಳದು ಹೋಗಿರ್ತೈತಿ. ಅದೂ ಗ್ಯಾಸಿನ ಉರಿ ಒಂದ ಕಡೆ ಜಾಸ್ತಿ ಒಂದ ಕಡೆ ಕಡಿಮಿ, ತೆಳ್ಳನ ಬಾಯಿ ಕಡೆನ ಎಲ್ಲಕ್ಕಿಂತ ಮೊದ್ಲ ಕಾಯ್ತೈತಿ. ಆಮ್ಯಾಲೆ ಚಾಕು ಚಂದ ಕಾಣ್ತೈತಿ, ಟೊಮ್ಯಾಟೋ ಮಾತ್ರ ಹೆಚ್ಚಾಂಗಿಲ್ಲ.

ನೀವು ನೋಡಿದ ಡಿಸೈನ್ ಹುಳಿಯಿಂದ, ಅಂದ್ರ ವಿನೆಗರ್, ಲಿಂಬಿಯಂಥಾದ್ರಿಂದ ಬರೂದು. ಕಬ್ಬಿಣ ಎರಡು ನಮೂನಿ ತುಕ್ಕು ಹಿಡೀತೈತಿ. ಕೆಂಪು ತುಕ್ಕು ಸಡಿಲ, ಉಬ್ಬಿಕೊಂಡು ಪದರ ಪದರ ಉದುರ್ತೈತಿ, ಕೆಳಗ ಮತ್ತ ಹೊಸ ಕಬ್ಬಿಣ ನೀರಿಗೆ ಸಿಗ್ತೈತಿ, ಹಿಂಗ ತಿಂತಾನ ಹೋಗ್ತೈತಿ. ಕಪ್ಪು ಪದರ ತೆಳ್ಳಗ, ಗಟ್ಟಿಯಾಗಿ ಕಬ್ಬಿಣಕ್ಕ ಅಂಟಿ ಕೂಡ್ತೈತಿ. ಆ ಎರಡನೇದನ್ನ ನಾವ ಬೇಕಂತ, ನಮಗ ಬೇಕಾದಲ್ಲಿ ಹುಟ್ಟಸೂದು, ಅಷ್ಟ. ನಿಮ್ಮ ಲಾರಿ ಪಾಟಾ ಇದಕ್ಕ ಚೊಲೋ ಮಾಲು, ಸ್ಪ್ರಿಂಗ್ ಉಕ್ಕಿನ್ಯಾಗ ಸಾಮಾನ್ಯವಾಗಿ 0.5-0.6 ಪರ್ಸೆಂಟ್ ಕಾರ್ಬನ್ ಇರ್ತೈತಿ, ತುಕ್ಕು ತಡಿಯೂ ಕ್ರೋಮಿಯಂ ಇರಾಂಗಿಲ್ಲ, ಇದ್ರೂ ಭಾಳ ಕಡಿಮಿ, ಹಿಂಗಾಗಿ ಹುಳಿ ಲಗೂನ ಹಿಡೀತೈತಿ.

ಮಂದಿ ವಿನೆಗರ್ ಯಾವುದು, ಎಷ್ಟೊತ್ತು ಅಂತ ಕೇಳ್ತಾರ, ತಯಾರಿ ಬಗ್ಗೆ ಯಾರೂ ಕೇಳಾಂಗಿಲ್ಲ, ಆದ್ರ ಮುಕ್ಕಾಲು ಕೆಲಸ ಅಲ್ಲೇ ಐತಿ. ಹಾರ್ಡ್‌ವೇರ್ ಅಂಗಡ್ಯಾಗ ವಾಟರ್ ಪೇಪರ್ ತರ್ರಿ, 400 ನಂಬರ್‌ಲಿಂದ ಶುರು ಮಾಡಿ 600, 1000 ಅಂತ ಹೋಗ್ರಿ, ಒಂದ ದಿಕ್ಕಿಗೆ ತಿಕ್ಕ್ರಿ, ಹಿಂದಿನ ಪೇಪರಿನ ಗೀರು ಪೂರಾ ಹೋಗೂತನಾ ಮುಂದಿನ ನಂಬರ್ ಹಿಡೀಬ್ಯಾಡ್ರಿ, ಯಾಕಂದ್ರ ಹುಳಿ ಹಚ್ಚಿದ ಮ್ಯಾಲೆ ಉಳದ ಗೀರೆಲ್ಲಾ ಎದ್ದು ಕಾಣ್ತಾವ. ಆಮ್ಯಾಲೆ ಪಾತ್ರಿ ತೊಳ್ಯೂ ಸೋಪ್ ಹಚ್ಚಿ ತೊಳದು, ಒರಸಿ, ಕಡೀಕ ಜಿಡ್ಡು ತಗಿಯೂ ಅಸಿಟೋನ್ ದ್ರವ ಹಚ್ಚಿದ ಹತ್ತಿಯಿಂದ ಒರಸ್ರಿ, ಇದನ್ನ ಕಿಡಕಿ ತಗದು ಮಾಡ್ರಿ, ಒಲಿ ಹತ್ರ ಬ್ಯಾಡ. ಇಲ್ಲಿಂದ ಮುಂದ ಅಲಗು ಮುಟ್ಟಾಂಗಿಲ್ಲ. ಬೆರಳಿನ ಜಿಡ್ಡು ಇದ್ದಲ್ಲಿ ಹುಳಿ ಹಿಡ್ಯಾಂಗಿಲ್ಲ, ಚಾಕು ಮ್ಯಾಲೆ ನಿಮ್ಮ ಹೆಬ್ಬಟ್ಟಿನ ಗುರುತು ಆಧಾರ್ ಕಾರ್ಡಿನಂಗ ಮೂಡಿ ಕೂಡ್ತೈತಿ.

ಈಗ ಬಣ್ಣ. ಪೂರಾ ಬೂದಿ ಬಣ್ಣ ಒಂದ ಸಮ ಬೇಕಂದ್ರ ಬಿಳಿ ವಿನೆಗರ್ ಬಿಸಿ ಮಾಡಿ ಉದ್ದನ ಗ್ಲಾಸಿಗೆ ಹಾಕಿ ಅಲಗು ಅದ್ದ್ರಿ, ಹಿಡಿಕಿ ಮ್ಯಾಲೆ ಇರ್ಲಿ. ಚಾಕುನೂ ಮೊದ್ಲ ಬಿಸಿನೀರಾಗ ಬೆಚ್ಚಗ ಮಾಡಿಕೊಂಡ್ರ ಲಗೂ ಹಿಡೀತೈತಿ. ಸಣ್ಣ ಗುಳ್ಳಿ ಏಳ್ತಾವ, ಅದು ಹೈಡ್ರೋಜನ್, ಗಾಬರಿ ಬ್ಯಾಡ. ಹತ್ತು ನಿಮಿಷಕ್ಕೊಮ್ಮೆ ತಗದು ನೋಡ್ರಿ, ಅರ್ಧ ತಾಸು ಸಾಕು, ಇನ್ನೂ ಗಾಢ ಬೇಕಂದ್ರ ತೊಳದು, ಒರಸಿ ಮತ್ತೊಮ್ಮೆ ಅದ್ದ್ರಿ. ರಾತ್ರಿಪೂರಾ ನೆನಸಿಡಬ್ಯಾಡ್ರಿ, ವಿನೆಗರ್ ಮುಗಿದು ಗಾಳಿ ಶುರುವಾಗೂ ಗೆರಿ ಐತಲ್ಲ, ಅಲ್ಲಿ ಕಬ್ಬಿಣ ಎಲ್ಲಕ್ಕಿಂತ ಜಾಸ್ತಿ ತಿಂದು ಹೋಗ್ತೈತಿ, ಆ ಗೀಟು ಆಮ್ಯಾಲೆ ಪೇಪರ್ ಹಚ್ಚಿದ್ರೂ ಹೋಗೂದು ಕಠಿಣ.

ಮಾಟ ಮಾಟ ಡಿಸೈನ್ ಬೇಕಂದ್ರ ಬಾಟ್ಲಿ ಸಾಸ್ವಿ ಪೇಸ್ಟ್, ಅಂದ್ರ ಬರ್ಗರ್‌ಗೆ ಹಾಕೂ ಮಸ್ಟರ್ಡ್, ಅದ್ರಾಗ ವಿನೆಗರ್ ಇರ್ತೈತಿ. ಇಯರ್‌ಬಡ್‌ನ ತುದೀಲೆ ಅಲ್ಲಲ್ಲಿ ಚುಕ್ಕಿ ಇಟ್ಟು ಒಣಗಾಕ ಬಿಡ್ರಿ. ಗಾಳಿ ತಾಗೂ ಅಂಚಿನ್ಯಾಗ ಕಪ್ಪು ಜೋರಾಗಿ ಬರ್ತೈತಿ, ನಡುವ ತಿಳಿ ಉಳೀತೈತಿ, ತೊಳದು ಮತ್ತ ಬ್ಯಾರೆ ಜಾಗದಾಗ ಚುಕ್ಕಿ ಇಟ್ರ ಒಂದ್ರ ಮ್ಯಾಲೊಂದು ಕೂಡ್ತಾವ. ಇನ್ನೊಂದು ನನಗ ಭಾಳ ಸೇರೂ ದಾರಿ ಅಂದ್ರ ನೇಲ್ ಪಾಲಿಶ್. ಕಸೂತಿಯ ಗೋಪುರನೋ ತೇರೋ ನೇಲ್ ಪಾಲಿಶಿಂದ ಅಲಗಿನ ಮ್ಯಾಲೆ ಬರದು, ಒಣಗಿದ ಮ್ಯಾಲೆ ವಿನೆಗರ್‌ನ್ಯಾಗ ಅದ್ದ್ರಿ, ಕಡೀಕ ರಿಮೂವರ್ ಹಚ್ಚಿ ಒರಸಿದ್ರ ಬೂದಿ ನೆಲದ ಮ್ಯಾಲೆ ಬೆಳ್ಳನ ಗೋಪುರ. ಮೋಡ ಮೋಡ ಡಿಸೈನ್ ಎಲ್ಲಾರ ಕಡೆನೂ ಇರ್ತೈತ್ರಿ, ಗೋಪುರ ಯಾರ ಕಡೆ ಐತಿ?

ಮುಗಿದ ಮ್ಯಾಲೆ ಅಡಗಿ ಸೋಡಾ ನೀರಾಗ ಕಲಸಿ ಮೆತ್ತಗ ತಿಕ್ಕಿ ಹುಳಿ ಕೊಲ್ಲ್ರಿ, ತೊಳದು ತಕ್ಷಣ ಒರಸ್ರಿ. ನಮ್ಮ ಕಡೆ ಬೋರ್ ನೀರು ಭಾಳ ಕಡೆ ಸವಳು, ಕಡೀ ನೀರಾದ್ರೂ ಕುಡ್ಯೂ ನೀರು ಇರ್ಲಿ. ಹುಳಿ ತೆಳ್ಳನ ಬಾಯಿನೂ ಒಂದೀಟು ತಿಂದಿರ್ತೈತಿ, ಸಾಣಿ ಹಿಡೀರಿ, ಬಾಯಿಗುಂಟ ಬೆಳ್ಳನ ಗೆರಿ ಬೀಳ್ತೈತಿ, ಅದು ಹಂಗ ಇರಬೇಕು.

ಇಂಡಿಯಿಂದ ಒಬ್ಬ ಅಕ್ಕಾರು: ನಮ್ಮಲ್ಲಿ ಲಿಂಬಿಹಣ್ಣಿಗೇನು ಬರ ಇಲ್ಲರಿ. ತಾಂಬ್ರದ ಕೊಡ ತಿಕ್ಕಿದಂಗ ಲಿಂಬಿ ಮತ್ತ ಉಪ್ಪು ಹಚ್ಚಿ ಈಳಗಿಗೆ ಬಣ್ಣ ತರಿಸಬಹುದಾ? ಇನ್ನೊಂದು, ಈಳಗಿ ಮ್ಯಾಲೆ ಮಾವಿನಕಾಯಿ ಹೆಚ್ಚಿದ್ರ ಹೋಳು ಕಪ್ಪಾಗ್ತಾವ, ತಿಂದ್ರ ಏನರ ಆಗ್ತದೇನು?

ಲಿಂಬಿ ನಡೀತೈತಿ ಅಕ್ಕಾರ, ಉಪ್ಪು ಬ್ಯಾಡ. ತಾಂಬ್ರ, ಹಿತ್ತಾಳಿಗೆ ಲಿಂಬಿ-ಉಪ್ಪು ಹೊಳಪು ಕೊಡ್ತೈತಿ, ಕಬ್ಬಿಣಕ್ಕ ಮಾತ್ರ ಉಪ್ಪು ಕೆಂಪು ತುಕ್ಕನ್ನ ಕರಕೊಂಡ ಬರ್ತೈತಿ. ಮಾವಿನಕಾಯಿದು ಹೇಳ್ಬೇಕಂದ್ರ, ಕಾಯಿ ಒಳಗಿನ ಒಗರು ಮತ್ತ ಕಬ್ಬಿಣ ಕೂಡಿದ್ರ ಕಪ್ಪು ಬರ್ತೈತಿ, ಹಳೀ ಕಾಲದ ಮಸಿ ಮಾಡ್ತಿದ್ದದ್ದೂ ಇದ ಲೆಕ್ಕದಾಗ, ಒಗರಿನ ಕಾಯಿ ಮತ್ತ ಕಬ್ಬಿಣದ ಉಪ್ಪು ಕೂಡಿಸಿ. ವಿಷ ಅಲ್ಲ, ಒಂದೀಟು ಕಬ್ಬಿಣದ ರುಚಿ ಬರಬಹುದು. ಈಳಗಿಯ ಕಪ್ಪು ಪೂರಾ ಕುಂತ ಮ್ಯಾಲೆ ಹೋಳು ಕಪ್ಪಾಗೂದು ಕಡಿಮಿ ಆಗ್ತೈತಿ, ಅದಕ್ಕ ದಿನಾ ಸ್ಟೀಲ್ ಜುಂಗು ಹಾಕಿ ಈಳಗಿ ಬೆಳ್ಳಗ ಮಾಡೂ ಸೊಸಿಗೆ ಹೇಳ್ರಿ, ಕೆಂಪು ಕಂಡಲ್ಲಿ ಅಷ್ಟ ತಿಕ್ಕವಾ ಅಂತ. ಬಾಳಿಕಾಯಿ, ಬದನಿಕಾಯಿ, ಉಳ್ಳಾಗಡ್ಡಿ ಹೆಚ್ಚಿಕೋತ ಹೋದ್ರ ಅದರ ಪಾಡಿಗೆ ಅದಕ್ಕ ಬರೂ ಬಣ್ಣ ನಾವು ಮಾಡಿದ ಡಿಸೈನ್‌ಗಿಂತ ಚಂದ ಅಂತ ನನ್ನ ಲೆಕ್ಕ, ಆದ್ರ ತಿಂಗಳಗಟ್ಟಲೆ ಕಾಯಬೇಕು.

ಮುಧೋಳದ ಓದುಗರು: ಮನ್ಯಾಗಿನ ಸ್ಟೀಲ್ ಚಾಕುಗೆ ಇದು ನಡೀತೈತೇನ್ರಿ? ಆಯಸ್ಕಾಂತ ಹಿಡೀತೈತಿ, ಅಂದ್ರ ಕಬ್ಬಿಣನ ಅಲ್ಲ?

ಆಯಸ್ಕಾಂತ ಹಿಡದ್ರ ಏನೂ ಗೊತ್ತಾಗಾಂಗಿಲ್ಲ, ಸ್ಟೇನ್‌ಲೆಸ್ ಚಾಕುಗಳಲ್ಲೂ ಹೆಚ್ಚಿನವಕ್ಕ ಹಿಡೀತೈತಿ. ಹಿಡಿಕಿ ಹತ್ರ ಒಂದು ಹನಿ ಲಿಂಬಿ ರಸ ಬಿಟ್ಟು ಹತ್ತು-ಹದಿನೈದು ನಿಮಿಷ ತಡೀರಿ, ಬೂದಿ ಕಲಿ ಬಿದ್ರ ಕಾರ್ಬನ್ ಉಕ್ಕು. ಕ್ರೋಮಿಯಂ 10.5 ಪರ್ಸೆಂಟ್ ದಾಟಿದ್ದು ಸ್ಟೇನ್‌ಲೆಸ್, ವಿನೆಗರ್ ಅದಕ್ಕ ಏನೂ ಮಾಡಾಂಗಿಲ್ಲ.

ಬೆಳಗಾವಿಯ ಇಂಜಿನಿಯರಿಂಗ್ ವಿದ್ಯಾರ್ಥಿ: ಸರ್, ಲ್ಯಾಬ್‌ನಾಗ ಸರ್ಕ್ಯೂಟ್ ಬೋರ್ಡ್ ಕೊರೆಯಾಕ ಬಳಸಿದ ಫೆರಿಕ್ ಕ್ಲೋರೈಡ್ ಉಳದೈತಿ, ಅದು ಹಾಕ್ಲಾ?

ಬಳಸಿದ್ದು ಬ್ಯಾಡ ತಮ್ಮಾ. ಬೋರ್ಡಿನ ತಾಂಬ್ರ ಅದರಾಗ ಕರಗಿರ್ತೈತಿ, ಚಾಕು ಇಟ್ಟ ಕೂಡ್ಲೆ ಆ ತಾಂಬ್ರ ಅಲಗಿನ ಮ್ಯಾಲೆ ಬಂದು ಕೂಡ್ತೈತಿ, ಕೆಂಪಗ ಕಾಣ್ತೈತಿ, ಅಡಗಿ ಚಾಕುಗಂತೂ ಅದು ಬ್ಯಾಡೇ ಬ್ಯಾಡ. ಹೊಸಾದು ಇದ್ರ ನೀರು ಬೆರಸಿ ತೆಳ್ಳಗ ಮಾಡಿ ಬಳಸ್ತಾರ, ಎರಡು ಉಕ್ಕು ಕೂಡಿಸಿ ಬಡದ ಡಮಾಸ್ಕಸ್ ನಮೂನಿ ಅಲಗಿಗೆ ಅದ ಬೇಕು, ನಿಕಲ್ ಇದ್ದ ಪದರ ಬೆಳ್ಳಗ ಉಳದು ಉಳಕಿದ್ದು ಕಪ್ಪಾಗ್ತೈತಿ. ಒಂದ ಉಕ್ಕಿನ ಚಾಕುಗೆ ಅಷ್ಟು ಉರಿಯೂ ಔಷಧ ಯಾಕ? ಹಾಕೂದಾದ್ರ ಗ್ಲೌಸ್, ಕನ್ನಡಕ ಹಾಕ್ಕೊಂಡು ಪ್ಲಾಸ್ಟಿಕ್ ಡಬ್ಬಿಯಾಗ ಮಾಡು, ಅವ್ವನ ಸ್ಟೀಲ್ ಸಿಂಕ್‌ನ್ಯಾಗ ಸುರಬ್ಯಾಡ, ಸಿಂಕನೂ ತಿಂತೈತಿ. ಹಾಂ, ವಿನೆಗರ್ ಇದ್ದಲ್ಲಿ ಬ್ಲೀಚಿಂಗ್ ಪೌಡರ್ ತರಬ್ಯಾಡ, ಕ್ಲೋರಿನ್ ಗಾಳಿ ಏಳ್ತೈತಿ.

ವಿಜಯಪುರದ ಹಿರಿಯರು: ನಮ್ಮ ಮಲಿಕ್-ಎ-ಮೈದಾನ್ ತೋಪು 1549ರಾಗ ಎರಕ ಹೊಯ್ದದ್ದು, ಮಳಿ ಬಿಸಲಾಗ ಕುಂತದ, ಆದ್ರೂ ತುಕ್ಕಿಲ್ಲ. ಅದಕ್ಕೂ ಇದ ಪ್ಯಾಟಿನಾ ಏನ್ರಿ?

ಪ್ಯಾಟಿನಾ ಹೌದ್ರಿ ಯಜಮಾನ್ರ, ಆದ್ರ ಲೋಹ ಬ್ಯಾರೆ. ತೋಪು ಕಂಚಿಂದು, ತಾಂಬ್ರ-ತವರ ಕೂಡಿದ್ದು, ಅದರ ಮ್ಯಾಲಿನ ಪದರ ಗಟ್ಟಿಯಾಗಿ ಮುಚ್ಚಿ ಒಳಗಿಂದನ್ನ ಕಾಯ್ತೈತಿ. ಕಬ್ಬಿಣದ ಚಾಕುವಿಗೆ ಆ ಭರವಸೆ ಇಲ್ಲ, ಕಪ್ಪು ಪದರದಾಗ ಕಣ್ಣಿಗೆ ಕಾಣದ ತೂತು ಇರ್ತಾವ, ಎಣ್ಣಿ ಹಚ್ಚಲೇಬೇಕು.

ಅಥಣಿಯ ಓದುಗರು: ನೀವು ಹಿಂದ ಹೇಳಿದಂಗ ಎಲ್ಲಾ ಮಾಡಿ ಕುಸಬಿ ಎಣ್ಣಿ ಹಚ್ಚಿ, ಚಪ್ಪಲಿ ಹೊಲಿಯೂ ಕಾಕಾ ಕಡೆ ಚರ್ಮದ ಒರೆ ಹೊಲಿಸಿ ಇಟ್ಟೀನ್ರಿ. ಮಳಗಾಲದಾಗ ತಗದ್ರ ಅಂಟಂಟು, ನಡುನಡುವ ಕಂದು ಚುಕ್ಕಿ.

ಅಂಟು ಎಣ್ಣಿದು, ಚುಕ್ಕಿ ಒರೆದು. ಕುಸಬಿ, ಅಗಸಿ ಎಣ್ಣಿ ಗಾಳಿಗೆ ಒಣಗಿ ಅಂಟಾಗ್ತಾವ, ಕೊಬ್ರಿ ಎಣ್ಣಿ ಹಂಗ ಆಗೂದಿಲ್ಲ, ಬಟ್ಟಿಗೆ ಎರಡು ಹನಿ ಸಾಕು. ನಿಮ್ಮ ಕಡೆ ಚಪ್ಪಲಿ ಚರ್ಮ ಗಿಡದ ತೊಗಟಿ, ಕಾಯಿ ಹಾಕಿ ಹದ ಮಾಡಿದ್ದು, ಅದರಾಗ ಒಗರೂ ಇರ್ತೈತಿ, ಮಳಗಾಲದ ತೇವಾನೂ ಹಿಡೀತೈತಿ. ಒರೆ ಸಂತಿಗೆ, ಹೊಲಕ್ಕ ಒಯ್ಯೂ ಹೊತ್ತಿಗೆ ಇರ್ಲಿ, ಮನ್ಯಾಗ ಚಾಕು ಹೊರಗ ಇಡ್ರಿ. ಈಗಿನ ಅಂಟು ಬಿಸಿನೀರು, ಸೋಪಿಗೆ ಹೋದ್ರ ಹೋತು, ಇಲ್ಲಂದ್ರ ಅಡಗಿ ಸೋಡಾ ಹಚ್ಚಿ ತಿಕ್ಕ್ರಿ. ಚುಕ್ಕಿ ಕೆಂಪಿದ್ರ 1000 ನಂಬರ್ ಪೇಪರಿಗೆ ಎಣ್ಣಿ ಹಚ್ಚಿ ಅಷ್ಟ ಜಾಗ ತಿಕ್ಕಿ, ಮಸ್ಟರ್ಡ್ ಚುಕ್ಕಿ ಇಟ್ಟು ಮುಚ್ಚ್ರಿ, ಆದ್ರ ಮೊದ್ಲ ಆ ಎಣ್ಣಿ ಪೂರಾ ತೊಳೀರಿ, ಜಿಡ್ಡಿನ ಮ್ಯಾಲೆ ಹುಳಿ ಹಿಡ್ಯಾಂಗಿಲ್ಲ.