ಗಡುವು ಮುಗಿದ ಮೇಲೆ ಪೌರತ್ವ ಸಿಕ್ಕರೆ ಮತ ಹಾಕಬಹುದೇ?

ಪ್ರಶ್ನೆ: ನಾವಿರುವುದು ಅಮೆರಿಕದ ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ. ನನ್ನ ಪೌರತ್ವದ ಪ್ರಮಾಣವಚನದ ಹೊತ್ತಿಗೆ ಮತದಾರರ ನೋಂದಣಿಯ ಗಡುವು ಮುಗಿದಿರುತ್ತದೆ. ಮುಂಗಡ ಮತದಾನಕ್ಕೆ ಹೋದರೆ ಅಲ್ಲೇ ನೋಂದಾಯಿಸಿಕೊಳ್ಳಬಹುದು ಎನ್ನುತ್ತಾರೆ ಒಬ್ಬರು. ಅದನ್ನು ಕೋರ್ಟ್ ರದ್ದು ಮಾಡಿದೆ ಎನ್ನುತ್ತಾರೆ ಇನ್ನೊಬ್ಬರು. ಯಾವುದು ನಿಜ?

ಉತ್ತರ: ಮೊದಲನೆಯವರು ಹೇಳಿದ್ದು ಸರಿ. ರದ್ದು ಮಾಡಿದ್ದು ರಾಜ್ಯದ ಶಾಸನಸಭೆ, ಉಳಿಸಿದ್ದು ಕೋರ್ಟ್.

ಮತದಾನದಲ್ಲಿ ಜನಾಂಗೀಯ ತಾರತಮ್ಯದ ಇತಿಹಾಸವಿದ್ದ ಪ್ರದೇಶಗಳು ಚುನಾವಣಾ ನಿಯಮ ಬದಲಿಸಲು ಕೇಂದ್ರದ ಪೂರ್ವಾನುಮತಿ ಪಡೆಯಬೇಕಿತ್ತು. 2013ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನ ಶೆಲ್ಬಿ ಕೌಂಟಿ ತೀರ್ಪಿನಿಂದ ಆ ವ್ಯವಸ್ಥೆ ನಿಂತುಹೋಯಿತು. ಅದೇ ಆಗಸ್ಟ್‌ನಲ್ಲಿ ಇಲ್ಲಿ ಬಂದ ಕಾನೂನು ಮುಂಗಡ ಮತದಾನವನ್ನು 17 ದಿನದಿಂದ 10ಕ್ಕೆ ಇಳಿಸಿ, ಸ್ಥಳದಲ್ಲೇ ನೋಂದಣಿಯನ್ನೂ ತೆಗೆದುಹಾಕಿತು. ಆ ಮೊದಲ ಏಳು ದಿನಗಳನ್ನು ಹೆಚ್ಚು ಬಳಸುತ್ತಿದ್ದವರು ಕಪ್ಪು ಮತದಾರರು. ಇದು ಉದ್ದೇಶಪೂರ್ವಕ ತಾರತಮ್ಯವೆಂದು 2016ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ಎರಡನ್ನೂ ವಾಪಸ್ ತಂದಿತು. ಸುಪ್ರೀಂ ಕೋರ್ಟ್ 4–4 ಆಗಿ ಒಡೆದಿದ್ದರಿಂದ ಆ ತೀರ್ಪಿಗೆ ರಾಜ್ಯ ಕೇಳಿದ ತಡೆಯಾಜ್ಞೆಯೂ ಸಿಗಲಿಲ್ಲ.

ದಿನಗಳನ್ನು ಕೋರ್ಟ್ ಉಳಿಸಬಹುದು, ಮತಗಟ್ಟೆಗಳನ್ನು ನಿರ್ಧರಿಸುವುದು ಮಾತ್ರ ಕೌಂಟಿಯ (ಜಿಲ್ಲೆಯ) ಚುನಾವಣಾ ಮಂಡಳಿ. 2018ರ ಕಾನೂನು ವಾರದ ದಿನಗಳಲ್ಲಿ ಎಲ್ಲ ಗಟ್ಟೆಗಳೂ ಒಂದೇ ಅವಧಿ ತೆರೆದಿರಬೇಕೆಂದಿತು. ಕೇಳಲು ಚೆನ್ನಾಗಿದೆ, ಆದರೆ ಸಿಬ್ಬಂದಿ ಖರ್ಚು ಏರಿತು, ಹಲವು ಕೌಂಟಿಗಳು ಗಟ್ಟೆಗಳ ಸಂಖ್ಯೆಯನ್ನೇ ಕಡಿತಗೊಳಿಸಿದವು. ಹಾಗಾಗಿ ಕಳೆದ ಸಲದ ವಿಳಾಸ ನಂಬಿ ಹೊರಡಬೇಡಿ, ಈ ಚುನಾವಣೆಯ ಪಟ್ಟಿ ನೋಡಿ.

ಸಾಮಾನ್ಯ ನೋಂದಣಿ ಚುನಾವಣೆಗೆ 25 ದಿನ ಮೊದಲೇ ಮುಗಿಯುತ್ತದೆ. ಮುಂಗಡ ಮತದಾನ ಕೊನೆಯಾಗುವುದು ಚುನಾವಣೆಯ ಹಿಂದಿನ ಶನಿವಾರ ಮಧ್ಯಾಹ್ನ 3ಕ್ಕೆ. ಆ ಅವಧಿಯಲ್ಲಿ ನಿಮ್ಮ ಕೌಂಟಿಯ ಯಾವ ಗಟ್ಟೆಗಾದರೂ ಹೋಗಬಹುದು. ವಿಳಾಸಕ್ಕೆ ವಿದ್ಯುತ್ ಬಿಲ್ಲೋ ಬ್ಯಾಂಕ್ ಸ್ಟೇಟ್‌ಮೆಂಟೋ ಸಾಕು. ಫೋಟೊ ಗುರುತಿಗೆ ರಾಜ್ಯದ ಡ್ರೈವಿಂಗ್ ಲೈಸೆನ್ಸ್ ಅಥವಾ ಅಮೆರಿಕನ್ ಪಾಸ್‌ಪೋರ್ಟ್ ಸಾಕು. ಪೌರತ್ವದ ಪ್ರಮಾಣಪತ್ರ ಟೆಕ್ಸಸ್‌ನಲ್ಲಿ ಗುರುತಿನ ದಾಖಲೆಯಾಗಿ ನಡೆಯುತ್ತದೆ, ಇಲ್ಲಿನ ಪಟ್ಟಿಯಲ್ಲಿಲ್ಲ. ಆದರೂ ಜೊತೆಗಿರಲಿ.

ಸ್ಥಳದಲ್ಲೇ ನೋಂದಾಯಿಸಿದವರ ವಿಳಾಸಕ್ಕೆ ಮಂಡಳಿ ಅಂಚೆ ಕಳಿಸುತ್ತದೆ. ಅದು ವಾಪಸ್ ಬಂದರೆ ಮತವನ್ನೇ ಎಣಿಕೆಯಿಂದ ತೆಗೆಯಲು 2023ರ ಕಾನೂನು ಅವಕಾಶ ಕೊಟ್ಟಿತ್ತು. ಮತದಾರರಿಗೆ ತಿಳಿಸದೆ, ಉತ್ತರಿಸಲು ಅವಕಾಶ ಕೊಡದೆ ಹಾಗೆ ಮಾಡಕೂಡದೆಂದು 2024ರ ಜನವರಿಯಲ್ಲಿ ಫೆಡರಲ್ ನ್ಯಾಯಾಧೀಶರು ತಡೆದರು. ಅಂಚೆ ವಾಪಸಾಗಲು ಅಪಾರ್ಟ್‌ಮೆಂಟ್ ಸಂಖ್ಯೆ ಬಿಟ್ಟುಹೋಗಿದ್ದರೂ ಸಾಕು. ಅರ್ಜಿಯಲ್ಲಿ ಅದನ್ನು ಎರಡು ಸಲ ನೋಡಿ.

ಶನಿವಾರದೊಳಗೆ ಆಗದಿದ್ದರೂ ನಿಮಗೆ ದಾರಿಯಿದೆ: ಗಡುವಿನ ನಂತರ ಪೌರರಾದವರು ಚುನಾವಣೆಯ ದಿನವೇ ನೋಂದಾಯಿಸಿ ಮತ ಹಾಕಬಹುದು. ಅಂದು ನಿಮ್ಮ ವಿಳಾಸಕ್ಕೆ ನಿಗದಿಯಾದ ಮತಗಟ್ಟೆಗೇ ಹೋಗಬೇಕು. ಪ್ರಮಾಣವಚನಕ್ಕೆ ಮೊದಲು ಮಾತ್ರ ಮತದಾರರ ನೋಂದಣಿಯ ಯಾವ ಅರ್ಜಿಗೂ ಸಹಿ ಹಾಕಬೇಡಿ. ಪೌರತ್ವದ ಸಂದರ್ಶನದಲ್ಲಿ ಪಾಸಾದ ಮಾತ್ರಕ್ಕೆ ಪೌರರಾದಂತಲ್ಲ. ಸುಳ್ಳು ಘೋಷಣೆ ಅಪರಾಧ, ಪೌರತ್ವದ ಅರ್ಜಿಗೇ ಕುತ್ತು ತರುತ್ತದೆ.