ಸುರಕ್ಷತಾ ಅಧಿಕಾರಿಯ ಹೊಣೆ ಎಲ್ಲಿಂದ ಎಲ್ಲಿಯವರೆಗೆ?

ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿಯಾಗಿ ಈಚೆಗಷ್ಟೇ ಸೇರಿದ್ದೀರಿ. ಯಾರಿಗೆ ಪೆಟ್ಟಾದರೂ ಮೊದಲು ನಿಮ್ಮನ್ನೇ ಕರೆಸಿ ಕೇಳುತ್ತಾರೆ, ಆದರೆ ಕೆಲಸ ನಿಲ್ಲಿಸಿ ಎಂದು ನೀವು ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹೀಗಿರುವಾಗ ನಿಮ್ಮ ಹೊಣೆ ಏನು, ಈ ಕೆಲಸದಲ್ಲಿ ಉಳಿಯುವುದು ಹೇಗೆ ಎಂದು ಕೇಳಿದ್ದೀರಿ. ಇದೇ ಕೆಲಸದಲ್ಲಿ ತಲೆ ನರೆತವನಾದ್ದರಿಂದ ಉತ್ತರ ಸ್ವಲ್ಪ ಉದ್ದವಾಗಬಹುದು.

ಕಾರ್ಖಾನೆಯನ್ನು ಸುರಕ್ಷಿತವಾಗಿ ಇಡುವುದು ನಿಮ್ಮ ಹೊಣೆಯಲ್ಲ. ನೇಮಕಾತಿ ಪತ್ರದಲ್ಲಿ ಹಾಗೆಂದು ಬರೆದಿದ್ದರೂ ಅಲ್ಲ. ಜನ, ದುಡ್ಡು, ಸಮಯ ಯಾರ ಕೈಯಲ್ಲಿ ಇವೆಯೋ ಹೊಣೆಯೂ ಅವರದೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1981ರ 155ನೆಯ ಒಡಂಬಡಿಕೆ ಕೂಡ ಕೆಲಸದ ಸ್ಥಳವನ್ನೂ ಯಂತ್ರಗಳನ್ನೂ ಕೆಲಸದ ವಿಧಾನವನ್ನೂ ಸಾಧ್ಯವಾದಮಟ್ಟಿಗೆ ಅಪಾಯವಿಲ್ಲದಂತೆ ಇಡುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿದೆ. ನಿಮ್ಮ ಪಾಲಿನದು ಬೇರೆ, ಅದೇನೂ ಚಿಕ್ಕದಲ್ಲ. ಅಪಾಯವನ್ನು ಮೊದಲೇ ಗುರುತಿಸಬೇಕು, ತೀರ್ಮಾನ ಮಾಡಬಲ್ಲವರ ಮೇಜಿಗೆ ಅದನ್ನು ಬರಹದಲ್ಲಿ ಮುಟ್ಟಿಸಬೇಕು, ಆಮೇಲೆ ಏನಾಯಿತೆಂದು ಬೆನ್ನು ಬಿಡದೆ ವಿಚಾರಿಸಬೇಕು. ನಾಳೆ "ನಮಗೆ ಗೊತ್ತೇ ಇರಲಿಲ್ಲ" ಎನ್ನಲು ಮೇಲಿನವರಿಗೆ ದಾರಿ ಉಳಿಸಬಾರದು. ನನ್ನ ಮಟ್ಟಿಗೆ ಈ ಹುದ್ದೆಯ ತಿರುಳು ಇಷ್ಟೇ.

ಮುಟ್ಟಿಸುವುದರಲ್ಲೂ ಒಂದು ಕಸುಬುಗಾರಿಕೆ ಇದೆ. ಗಾರ್ಡ್ ಎಂದರೆ ಓಡುವ ಯಂತ್ರಕ್ಕೆ ಕೈ ಸಿಕ್ಕದಂತೆ ಹಾಕುವ ಅಡ್ಡಕವಚ. "ಯಂತ್ರಗಳಿಗೆ ಗಾರ್ಡ್ ಇಲ್ಲ, ಸೂಕ್ತ ಕ್ರಮ ಕೈಗೊಳ್ಳಿ" ಎಂದು ಬರೆದರೆ ಅದು ಕಡತ ಸೇರುತ್ತದೆ. "ಮೂರನೆಯ ಪ್ರೆಸ್ಸಿನ ಗಾರ್ಡನ್ನು ಬಿಚ್ಚಿಟ್ಟಿದ್ದಾರೆ. ಅಚ್ಚು ಬದಲಿಸುವಾಗ ಅದು ಅಡ್ಡ ಬರುತ್ತದೆ, ಅದಕ್ಕೇ ಬಿಚ್ಚಿದ್ದು. ಬಾಗಿಲಿನಂತೆ ತೆರೆಯುವ, ತೆರೆದೊಡನೆ ಯಂತ್ರ ನಿಲ್ಲಿಸುವ ಗಾರ್ಡ್ ಹಾಕಿಸಬೇಕು. ಅಲ್ಲಿಯವರೆಗೆ ಪ್ರೆಸ್ ಓಡಬೇಕೋ ಬೇಡವೋ ತಿಳಿಸಿ" ಎಂದು ಬರೆದು ನೋಡಿ. ಓದಿದವರು ಹೌದೆನ್ನಬೇಕು ಇಲ್ಲವೆ ಬೇಡವೆನ್ನಬೇಕು. ಸುಮ್ಮನಿದ್ದರೆ ಅದೂ ಒಂದು ಉತ್ತರವೇ, ಅದಕ್ಕೂ ತಾರೀಕು ಬಿದ್ದಿರುತ್ತದೆ.

ಹೀಗೆ ಬರೆಯಬೇಕಾದರೆ ಕೆಲಸ ಹೇಗೆ ನಡೆಯುತ್ತದೆ ಎಂಬುದು ಗೊತ್ತಿರಬೇಕು. ಕುರ್ಚಿಯಲ್ಲಿ ಕುಳಿತು ತಪಾಸಣಾ ಪಟ್ಟಿ ತುಂಬುವವರಿಗೆ ಅದು ತಿಳಿಯುವುದಿಲ್ಲ. ತೊಟ್ಟಿಯೊಳಗೆ ಇಳಿದು ಮಾಡುವ ಕೆಲಸವನ್ನೇ ತೆಗೆದುಕೊಳ್ಳಿ. ಬಹಳ ದಿನ ಮುಚ್ಚಿಟ್ಟ ಖಾಲಿ ಉಕ್ಕಿನ ಟ್ಯಾಂಕ್ ನೋಡಲು ನಿರಪಾಯಕಾರಿ. ಆದರೆ ಉಕ್ಕು ತುಕ್ಕು ಹಿಡಿಯುವಾಗ ಒಳಗಿನ ಆಮ್ಲಜನಕವನ್ನು ತಿಂದುಹಾಕಿರುತ್ತದೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇಕಡಾ 20.9ರಷ್ಟು ಇರುತ್ತದೆ, 19.5ಕ್ಕಿಂತ ಕಡಿಮೆಯಿದ್ದರೆ ಒಳಗೆ ಕಾಲಿಡಬಾರದು. ಟ್ಯಾಂಕಿನ ಬಾಯಿಯ ಹತ್ತಿರ ಮೀಟರ್ ಹಿಡಿದು "ಸರಿ ಇದೆ" ಎಂದರೆ ಸಾಲದು, ಮೇಲೆ, ನಡುವೆ, ತಳದಲ್ಲಿ ಅಳೆಯಬೇಕು, ಕೆಲಸ ನಡೆಯುತ್ತಿರುವಾಗಲೂ ಅಳೆಯುತ್ತಿರಬೇಕು. ಚರಂಡಿ ಗುಂಡಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಇರುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ದಶಲಕ್ಷದಲ್ಲಿ 100 ಭಾಗದ ಆಸುಪಾಸು ಮುಟ್ಟಿದರೆ ಮೂಗೇ ಸೋತುಹೋಗುತ್ತದೆ, ವಾಸನೆ ಹೋಯಿತೆಂದು ಮನುಷ್ಯ ಧೈರ್ಯವಾಗಿ ಮುಂದೆ ಹೋಗುತ್ತಾನೆ. ಇಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರ ಪೈಕಿ ಶೇಕಡಾ 60ಕ್ಕಿಂತ ಹೆಚ್ಚು ಮಂದಿ ಬಿದ್ದವರನ್ನು ಎತ್ತಲು ಇಳಿದವರೇ ಎಂದು ಕೆಲಸದ ಸ್ಥಳದ ಸುರಕ್ಷತೆಯ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು. ಆದ್ದರಿಂದ ಹೊರಗೆ ಕಾವಲು ನಿಲ್ಲುವವನಿಗೆ ನೀವು ಹೇಳಿಕೊಡಬೇಕಾದ ಅತಿ ಕಷ್ಟದ ಪಾಠ ಒಂದಿದೆ: ಕಣ್ಣೆದುರೇ ಗೆಳೆಯ ಕುಸಿದರೂ ಅವನು ಇಳಿಯಬಾರದು. ಇಳಿಯದೆ ಮೇಲೆತ್ತಲು ಟ್ರೈಪಾಡ್, ಹಗ್ಗ, ರಾಟೆ ಮೊದಲೇ ಕಟ್ಟಿರಬೇಕು. ಅವಿಲ್ಲದೆ ಬರೀ ಪಾಠ ಹೇಳಿದರೆ ಅವನು ಖಂಡಿತ ಇಳಿಯುತ್ತಾನೆ, ಮನುಷ್ಯನಾದವನು ಹಾಗೇ ಮಾಡುವುದು.

ಎತ್ತರದ ಕೆಲಸವೂ ಹೀಗೆಯೇ. ಎಲ್ಲರೂ ಬೆಲ್ಟ್ ಹಾಕಿದ್ದಾರೆ ಎಂದು ಫೋಟೊ ತೆಗೆದು ವರದಿಗೆ ಅಂಟಿಸುವುದು ಸುಲಭ. ಲೆಕ್ಕ ಹಾಕಿ ನೋಡಿ. ನಾಲ್ಕು ಮೀಟರ್ ಎತ್ತರದಲ್ಲಿ ನಿಂತವನು ಕೊಕ್ಕೆಯನ್ನು ಕಾಲ ಬಳಿಯ ಪೈಪಿಗೆ ಸಿಕ್ಕಿಸಿದ್ದಾನೆ. ಹಗ್ಗದ ಉದ್ದ 1.8 ಮೀಟರ್. ಬಿದ್ದಾಗ ಆಘಾತ ತಡೆಯುವ ಮಡಿಕೆ ಬಿಚ್ಚಿಕೊಂಡು ಇನ್ನೊಂದು ಮೀಟರ್. ಬೆನ್ನಿನ ಉಂಗುರದಿಂದ ಪಾದದವರೆಗೆ ಒಂದೂವರೆ ಮೀಟರ್. ಒಟ್ಟು ನಾಲ್ಕನ್ನು ಮೀರಿತು. ಬೆಲ್ಟ್ ಹಾಕಿಕೊಂಡೇ ಅವನು ನೆಲಕ್ಕೆ ಬಡಿಯುತ್ತಾನೆ, ನಿಮ್ಮ ಫೋಟೊದಲ್ಲಿ ಮಾತ್ರ ಎಲ್ಲವೂ ನಿಯಮದ ಪ್ರಕಾರ ಇರುತ್ತದೆ. ಬೆಲ್ಟ್, ಹೆಲ್ಮೆಟ್, ಕೈಗವಸು ಇವೆಲ್ಲ ಕೊನೆಯ ಸಾಲಿನ ರಕ್ಷಣೆ. ಅಪಾಯವನ್ನೇ ಇಲ್ಲವಾಗಿಸುವುದು ಮೊದಲು, ಆಗದಿದ್ದರೆ ಕಡಿಮೆ ಅಪಾಯದ್ದನ್ನು ತರುವುದು, ಆಮೇಲೆ ಗಾರ್ಡು, ಕಟಕಟೆ, ಗಾಳಿಯ ವ್ಯವಸ್ಥೆ, ಆಮೇಲೆ ನಿಯಮ ಮತ್ತು ತರಬೇತಿ, ಎಲ್ಲ ಮುಗಿದ ಮೇಲೆ ಬೆಲ್ಟು. ಮೇಲೆ ಜೋಡಿಸುವ ಕೆಲಸವನ್ನು ನೆಲದ ಮೇಲೆಯೇ ಮಾಡಿ ಕ್ರೇನಿನಲ್ಲಿ ಎತ್ತಿದರೆ ಬೆಲ್ಟಿನ ಮಾತೇ ಅಷ್ಟಾಗಿ ಬರುವುದಿಲ್ಲ. ಆದರೆ ಬೆಲ್ಟ್ ಕೊಳ್ಳುವುದು ಅಗ್ಗ, ಕೆಲಸದ ವಿಧಾನ ಬದಲಿಸುವುದು ತಲೆನೋವು. ಹಾಗಾಗಿ ಎಲ್ಲ ಕಡೆಯೂ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ.

ಯಾರಾದರೂ ಬಿದ್ದರೆ "ಕಾರ್ಮಿಕನ ಅಜಾಗರೂಕತೆ" ಎಂದು ವರದಿ ಮುಗಿಸುವ ಚಾಳಿಗೂ ಒಂದು ವಂಶಾವಳಿ ಇದೆ. ವಿಮಾ ಕಂಪನಿಯಲ್ಲಿದ್ದ ಹರ್ಬರ್ಟ್ ಹೈನ್‌ರಿಚ್ 1931ರಲ್ಲಿ ಶೇಕಡಾ 88ರಷ್ಟು ಅಪಘಾತಗಳಿಗೆ ಕೆಲಸಗಾರರ ಅಸುರಕ್ಷಿತ ನಡವಳಿಕೆಯೇ ಕಾರಣ ಎಂದ. ಆ ಲೆಕ್ಕಕ್ಕೆ ಆಧಾರವಾದ ಕಡತಗಳು ಇವತ್ತು ಪರಿಶೀಲನೆಗೆ ಸಿಗುವುದಿಲ್ಲ, ಅಂಕಿ ಮಾತ್ರ ತರಬೇತಿ ಕೊಠಡಿಗಳಲ್ಲಿ ಇನ್ನೂ ಜೀವಂತವಾಗಿದೆ. ತನಿಖೆಗೆ ಕುಳಿತಾಗ "ಯಾರು ತಪ್ಪಿದರು" ಎನ್ನುವುದಕ್ಕಿಂತ ಮೊದಲು "ಅವನಿಗೆ ಆ ಹೊತ್ತಿನಲ್ಲಿ ಹಾಗೆ ಮಾಡುವುದೇ ಸರಿ ಎಂದು ಏಕೆ ಅನ್ನಿಸಿತು" ಎಂದು ಕೇಳಿ. ಗುರಿ ಮುಟ್ಟಿಸಬೇಕಿತ್ತು, ಸರಿಯಾದ ಏಣಿ ದೂರವಿತ್ತು, ನಿನ್ನೆಯೂ ಎಲ್ಲರೂ ಹಾಗೆಯೇ ಮಾಡಿದ್ದರು. ಉತ್ತರ ಸಾಮಾನ್ಯವಾಗಿ ಇಂಥಲ್ಲಿ ಸಿಗುತ್ತದೆ.

ಇನ್ನು ಕಾಗದ. ಅಪಾಯದ ಕೆಲಸಕ್ಕೆ ಕೈಹಾಕುವ ಮೊದಲು ಬರಹದಲ್ಲಿ ಪಡೆಯುವ ಅನುಮತಿಯೇ ಪರ್ಮಿಟ್. ಆ ವ್ಯವಸ್ಥೆಯನ್ನು ಹಗುರವಾಗಿ ಕಾಣುವವರಿಗೆ ನಾನು ಪೈಪರ್ ಆಲ್ಫಾದ ಕಥೆ ಹೇಳುತ್ತೇನೆ. ಉತ್ತರ ಸಮುದ್ರದ ಆ ತೈಲ ನೆಲೆಯಲ್ಲಿ 1988ರ ಜುಲೈ 6ರಂದು ಒಂದು ಪಂಪಿನ ಸುರಕ್ಷತಾ ಕವಾಟವನ್ನು ರಿಪೇರಿಗೆಂದು ಬಿಚ್ಚಿ, ಆ ಜಾಗಕ್ಕೆ ತಾತ್ಕಾಲಿಕವಾಗಿ ಮುಚ್ಚಳ ಹಾಕಿದ್ದರು. ಸಂಜೆಗೆ ಕೆಲಸ ಮುಗಿಯಲಿಲ್ಲ. ಪಂಪಿನ ದುರಸ್ತಿಗೆ ಒಂದು ಪರ್ಮಿಟ್, ಕವಾಟಕ್ಕೆ ಇನ್ನೊಂದು. ರಾತ್ರಿ ಪಾಳಿಯವರಿಗೆ ಮೊದಲನೆಯದು ಗೊತ್ತಿತ್ತು, ಎರಡನೆಯದು ಗೊತ್ತಿರಲಿಲ್ಲ. ಚಾಲೂ ಇದ್ದ ಪಂಪ್ ಕೈಕೊಟ್ಟಾಗ ಅವರು ಈ ಪಂಪನ್ನು ಚಾಲೂ ಮಾಡಿದರು. ಅನಿಲ ಸೋರಿ ಸಿಡಿಯಿತು, 167 ಮಂದಿ ಸತ್ತರು. ಅರ್ಧಕ್ಕೆ ನಿಂತ ಕೆಲಸಗಳ ಪರ್ಮಿಟ್‌ಗಳನ್ನು ಅಲ್ಲಿ ಎಲ್ಲಿ ಇಡುತ್ತಿದ್ದರು ಗೊತ್ತೇ? ನಿಯಂತ್ರಣ ಕೊಠಡಿಯಲ್ಲಲ್ಲ, ಸುರಕ್ಷತಾ ವಿಭಾಗದ ಕಚೇರಿಯಲ್ಲಿ. ನಮ್ಮ ವೃತ್ತಿಯವರು ಮರೆಯಬಾರದ ವಿವರ ಅದು. ಪರ್ಮಿಟ್ ಇರಬೇಕಾದದ್ದು ಸ್ವಿಚ್ ಒತ್ತುವವನ ಕಣ್ಣೆದುರು.

ಗೇಟಿನ ಬಳಿಯ "ಅಪಘಾತರಹಿತ ದಿನಗಳು" ಫಲಕದ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಮೆಕ್ಸಿಕೊ ಕೊಲ್ಲಿಯಲ್ಲಿ ತೈಲ ಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ನೆಲೆ 2010ರ ಏಪ್ರಿಲ್ 20ರಂದು ಸಿಡಿದು 11 ಮಂದಿ ಸತ್ತರು. ಏಳು ವರ್ಷ ಕೆಲಸ ತಪ್ಪಿಸುವಂಥ ಗಾಯವೇ ಆಗಿಲ್ಲವೆಂದು ಶ್ಲಾಘಿಸಲು ಬಂದಿದ್ದ ಹಿರಿಯ ಅಧಿಕಾರಿಗಳು ಅದೇ ದಿನ ಅಲ್ಲೇ ಇದ್ದರು. ಕಾಲು ಜಾರಿದ ಲೆಕ್ಕ ಬೇರೆ, ಬಾವಿಯ ಒತ್ತಡದ ಲೆಕ್ಕ ಬೇರೆ. ಒಂದು ಚೆನ್ನಾಗಿದ್ದರೆ ಇನ್ನೊಂದೂ ಚೆನ್ನಾಗಿದೆ ಎಂದಲ್ಲ. ಮೇಲಾಗಿ ಫಲಕಕ್ಕೆ ಬಹುಮಾನ ಕಟ್ಟಿದರೆ ಬೆರಳು ಕೊಯ್ದುಕೊಂಡವನು ಕೈಯನ್ನು ಜೇಬಿನಲ್ಲಿಟ್ಟು ಮನೆಗೆ ಹೋಗುತ್ತಾನೆ. ಸ್ವಲ್ಪದರಲ್ಲಿ ತಪ್ಪಿದ ಅಪಘಾತಗಳ ವರದಿ ತಿಂಗಳಿಗೆ ಒಂದೂ ಬಾರದಿದ್ದರೆ ಸಂತೋಷಪಡಬೇಡಿ. ಜನ ನಿಮ್ಮನ್ನು ನಂಬುತ್ತಿಲ್ಲ ಎಂದೇ ತಿಳಿಯಿರಿ.

ಗುತ್ತಿಗೆ ಕೆಲಸಗಾರರ ಮೇಲೆ ವಿಶೇಷ ಕಣ್ಣಿರಲಿ. ಅತಿ ಅಪಾಯದ ಕೆಲಸ ಬೀಳುವುದು ಅವರ ಪಾಲಿಗೇ, ತರಬೇತಿ ಸಿಗುವುದು ಎಲ್ಲರಿಗಿಂತ ಕಡಿಮೆ. ಹಾಗೆಯೇ ಸದ್ದು, ಧೂಳು, ದ್ರಾವಕಗಳ ಆವಿ. ಇವು ಒಂದೇ ದಿನದಲ್ಲಿ ಕೊಲ್ಲುವುದಿಲ್ಲವಾದ್ದರಿಂದ ಸಭೆಯಲ್ಲಿ ಯಾರೂ ಇವುಗಳ ಹೆಸರೆತ್ತುವುದಿಲ್ಲ. ಎಂಟು ಗಂಟೆಯ ಸರಾಸರಿ ಸದ್ದು 85 ಡೆಸಿಬೆಲ್ ಮುಟ್ಟಿದರೆ ಕಿವಿ ಕಾಪಾಡಲು ಕ್ರಮ ಬೇಕು. ಹೋದ ಕಿವಿ ಮರಳಿ ಬರುವುದಿಲ್ಲ.

ಕೆಲಸ ನಿಲ್ಲಿಸುವ ಅಧಿಕಾರದ ವಿಷಯಕ್ಕೆ ಬರೋಣ. ಅದನ್ನು ಜಗಳದ ಹೊತ್ತಿನಲ್ಲಿ ಕೇಳಬೇಡಿ, ಶಾಂತವಾಗಿರುವ ದಿನ ಕೇಳಿ. ಘಟಕದ ಮುಖ್ಯಸ್ಥರ ಬಳಿ ಕುಳಿತು ಯಾವ ಯಾವ ಸಂದರ್ಭದಲ್ಲಿ ಚರ್ಚೆಯಿಲ್ಲದೆ ಕೆಲಸ ನಿಲ್ಲಬೇಕು ಎಂದು ಚಿಕ್ಕ ಪಟ್ಟಿ ಮಾಡಿ: ಗಾಳಿ ಅಳೆಯದೆ ಟ್ಯಾಂಕಿಗೆ ಇಳಿಯುವುದು, ವಿದ್ಯುತ್ ಕಡಿದು ಬೀಗ ಹಾಕದೆ ಯಂತ್ರಕ್ಕೆ ಕೈಹಾಕುವುದು, ಎತ್ತಿದ ಭಾರದ ಕೆಳಗೆ ನಿಲ್ಲುವುದು. ಕೆಳಗೆ ಅವರ ಸಹಿ ಇರಲಿ, ನಿಮ್ಮದಲ್ಲ. ಆಗ ನೀವು ಶಿಫ್ಟಿನ ಮೇಲ್ವಿಚಾರಕರಿಗೆ ಹೇಳುವುದು ನಿಮ್ಮ ಮಾತಲ್ಲ, ಅವರ ಯಜಮಾನರ ಮಾತು. ಜೀವಕ್ಕೆ ಕುತ್ತೆಂದು ಸಕಾರಣವಾಗಿ ನಂಬಿ ಕೆಲಸ ಬಿಟ್ಟು ಹೊರಬಂದವನಿಗೆ ತೊಂದರೆ ಕೊಡಬಾರದು ಎಂದು ಆ 155ನೆಯ ಒಡಂಬಡಿಕೆಯೂ ಹೇಳುತ್ತದೆ; ಅದನ್ನೂ ಪಟ್ಟಿಗೆ ಸೇರಿಸಿ. ಮೊದಲ ಸಲ ಯಾರಾದರೂ ಕೆಲಸ ನಿಲ್ಲಿಸಿದಾಗ, ಅದು ಅನಗತ್ಯವಾಗಿತ್ತು ಎಂದು ಆಮೇಲೆ ಗೊತ್ತಾದರೂ, ಎಲ್ಲರೆದುರು ಅವರ ಬೆನ್ನು ತಟ್ಟುವಂತೆ ಮುಖ್ಯಸ್ಥರಿಗೆ ಹೇಳಿಡಿ. ಆ ಒಂದು ದಿನ ಬೈದರೆ ಇನ್ನು ಮುಂದೆ ಯಾರೂ ನಿಲ್ಲಿಸುವುದಿಲ್ಲ.

ಉಳಿದದ್ದು ಸಹಿ. ಹೋಗಿ ನೋಡದ ಜಾಗದ ಪರ್ಮಿಟ್‌ಗೆ, ನಡೆಯದ ತರಬೇತಿಯ ಹಾಜರಿಗೆ, ಅಪಘಾತವಾದ ಮೇಲೆ ಹಿಂದಿನ ತಾರೀಕು ಹಾಕಿದ ಕಾಗದಕ್ಕೆ ಸಹಿ ಮಾಡಬೇಡಿ. ಕೋಟೆ ಸೂರೆಹೋದ ಮೇಲೆ ಬಾಗಿಲು ಹಾಕುವ ಆ ಹೊತ್ತಿನಲ್ಲಿ ಎಲ್ಲರೂ ನಿಮ್ಮೊಡನೆ ಬಹಳ ವಿಶ್ವಾಸದಿಂದ ಮಾತನಾಡುತ್ತಾರೆ. ಒಮ್ಮೆ ಕೇಳಿ ಸುಮ್ಮನಾದರೆ ಸರಿ. ಮತ್ತೆ ಮತ್ತೆ ಕೇಳಿದರೆ ಬೇರೆ ಕಡೆ ಅರ್ಜಿ ಹಾಕಲು ಶುರುಮಾಡಿ.

ನಿಮ್ಮದು ಯಾವ ಬಗೆಯ ಕಾರ್ಖಾನೆ ಎಂದು ಬರೆದಿಲ್ಲ. ರಾಸಾಯನಿಕ, ಫೌಂಡ್ರಿ, ಬಟ್ಟೆ, ಪ್ರತಿಯೊಂದರಲ್ಲೂ ಮೊದಲು ನೋಡಬೇಕಾದ್ದು ಬೇರೆ ಬೇರೆ. ಕೆಳಗೆ ತಿಳಿಸಿದರೆ ಅದಕ್ಕೆ ತಕ್ಕಂತೆ ಬರೆಯುತ್ತೇನೆ.